ಬರದ ಬೆನ್ನಿಗೆ ಬಂದ ನೀರು

ರಾಜ್ಯ ಸರ್ಕಾರವು 2023ರ ಸೆಪ್ಟೆಂಬರ್ 13ರಂದು 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ನವೆಂಬರ್ ವೇಳೆಗೆ ಆ ಪಟ್ಟಿ ಬೆಳೆದು, ಒಟ್ಟು 236 ತಾಲ್ಲೂಕುಗಳ ಪೈಕಿ 223 ಅದರಲ್ಲಿ ಸೇರಿದ್ದವು; ಅವುಗಳಲ್ಲಿ 196 ತೀವ್ರ ಬರಕ್ಕೆ ತುತ್ತಾದವೆಂದು ಗುರುತಿಸಲಾಯಿತು. ದಾವಣಗೆರೆ ಜಿಲ್ಲೆ ಇದಕ್ಕೆ ಹೊರತಾಗಿರಲಿಲ್ಲ. ಇದಾಗಿ ವರ್ಷ ತುಂಬುವ ಮೊದಲೇ, 2024ರ ಜುಲೈ ತಿಂಗಳ ಉತ್ತರಾರ್ಧದಲ್ಲಿ, ಅದೇ ಜಿಲ್ಲೆಯ ಹೊನ್ನಾಳಿ ಮತ್ತು ಹರಿಹರದಲ್ಲಿ ತುಂಗಭದ್ರೆ ಉಕ್ಕಿ ಹರಿಯಿತು. ಚನ್ನಗಿರಿ, ನ್ಯಾಮತಿಗಳ ಮೆಕ್ಕೆಜೋಳದ ಹೊಲಗಳಲ್ಲಿ ನೀರು ನಿಂತಿತು. ಹಿಂದಿನ ಬೇಸಿಗೆಯಲ್ಲಿ ನೀರಿಲ್ಲದೆ ಮೇವು ಅರಸಿದ ರೈತನೇ ಈಗ ನೀರು ಹೆಚ್ಚಾಗಿ ಬೆಳೆ ಹಳದಿಯಾಯಿತೆಂದು ಕೃಷಿ ಇಲಾಖೆಯ ಬಾಗಿಲಿಗೆ ಹೋಗಬೇಕಾಯಿತು.

ಈ ಎರಡನ್ನು ನಾವು ಎರಡು ಬೇರೆ ಬೇರೆ ವಿಪತ್ತುಗಳೆಂದು ತಿಳಿಯುತ್ತೇವೆ. ಸರ್ಕಾರದ ಕಡತಗಳೂ ಹಾಗೆಯೇ ತಿಳಿಯುತ್ತವೆ. ಬರಕ್ಕೆ ಒಂದು ಮನವಿ, ನೆರೆಗೆ ಇನ್ನೊಂದು. ಬರಕ್ಕೆ ಒಂದು ಅಧ್ಯಯನ ತಂಡ, ನೆರೆಗೆ ಮತ್ತೊಂದು. ಆದರೆ ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಇವು ಒಂದೇ ಕಥೆಯ ಎರಡು ಅಧ್ಯಾಯಗಳಾಗಿ ಕಾಣುತ್ತವೆ. ನೆರೆಯಿಂದ ಆಗುವ ಹಾನಿಯ ದೊಡ್ಡ ಪಾಲು ಅದಕ್ಕಿಂತ ಮುಂಚಿನ ಬರಗಾಲದಲ್ಲಿಯೇ ಸಿದ್ಧವಾಗಿರುತ್ತದೆ ಎಂಬುದು ನಮ್ಮ ಅಭಿಪ್ರಾಯ. ಹಾಗಿದ್ದರೆ ನೆರೆಯನ್ನು ಎದುರಿಸುವ ಕೆಲಸ ಮಳೆಗಾಲದಲ್ಲಿ ಆರಂಭವಾಗುವಂಥದ್ದಲ್ಲ. ಒಣಗಿದ ಕೆರೆಯ ಅಂಗಳದಲ್ಲಿ ಅದು ಆರಂಭವಾಗಬೇಕು.

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಪರಿಸರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಕಾಲಕ್ಕೆ ಪಾಳೆಯಗಾರರ ರಾಜಧಾನಿಯಾಗಿದ್ದ, ಕೋಟೆಯ ಈ ಊರು ಈಗ ಭತ್ತ ಮತ್ತು ಅಡಿಕೆಯ ನಾಡು. ಭದ್ರಾ ಬಲದಂಡೆ ನಾಲೆಯ ನೀರು ಈ ಸೀಮೆಯನ್ನು ಹಸಿರಾಗಿಸಿದೆ. ಹತ್ತಿರದಲ್ಲಿಯೇ ಶಾಂತಿಸಾಗರವೆಂದು ಹೆಸರಾದ ಸೂಳೆಕೆರೆ ಇದೆ. ಎರಡು ಗುಡ್ಡಗಳ ನಡುವೆ ಹರಿದ್ರಾ ಹೊಳೆಗೆ ಅಡ್ಡಲಾಗಿ ಶತಮಾನಗಳ ಹಿಂದೆ ಕಟ್ಟಿದ ಈ ಏರಿಯ ಉದ್ದ ಹೆಚ್ಚಲ್ಲ. ಅದರ ಅಗಲ ಮತ್ತು ಭದ್ರತೆಯನ್ನು ಕಂಡು ಬ್ರಿಟಿಷ್ ಕಾಲದ ಇಂಜಿನಿಯರುಗಳೂ ಬೆರಗಾಗಿದ್ದರು. ಬಸವ ತೂಬು, ಸಿದ್ಧ ತೂಬು ಎಂಬ ಎರಡು ತೂಬುಗಳು ಇಂದಿಗೂ ಅದಕ್ಕಿವೆ. ಚಿತ್ರದುರ್ಗ ನಗರದವರೆಗೂ ಕುಡಿಯುವ ನೀರು ಕೊಡುವ ಕೆರೆ ಇದು. ಇಲ್ಲಿಂದ ಹೊರಟ ಹರಿದ್ರೆ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಪ್ರತಿವರ್ಷ ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಬಸಿಲಿಕಕ್ಕೆ ಹೋಗುವ ನಮ್ಮ ಕುಟುಂಬಗಳು ಅಲ್ಲಿ ಕಾಣುವ ಹೊಳೆಯಲ್ಲಿ ಚನ್ನಗಿರಿಯ ಗುಡ್ಡಗಳ ಮಳೆನೀರೂ ಬೆರೆತಿದೆ ಎಂಬುದನ್ನು ಬಹುಶಃ ನೆನೆಯುವುದಿಲ್ಲ. ಮೇಲಿನವರು ಕೆರೆಯನ್ನು ಹೇಗೆ ಇಟ್ಟುಕೊಂಡರು ಎಂಬುದು ಕೆಳಗಿನವರ ಮನೆಯ ಹೊಸ್ತಿಲಲ್ಲಿ ತಿಳಿದುಬರುತ್ತದೆ.

2023ರ ಆಗಸ್ಟ್ ತಿಂಗಳು 1901ರಿಂದೀಚೆಗೆ ಇಡೀ ದೇಶದಲ್ಲಿಯೇ ಅತ್ಯಂತ ಒಣ ಆಗಸ್ಟ್ ಆಗಿತ್ತು. ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್ ನಿನೊ ಅದಕ್ಕೆ ಒಂದು ಕಾರಣ. ರಾಜ್ಯದಲ್ಲಿ ನೈರುತ್ಯ ಮುಂಗಾರು ವಾಡಿಕೆಗಿಂತ ಸುಮಾರು ಕಾಲುಭಾಗ ಕಡಿಮೆಯಾಯಿತು. ಭದ್ರಾ ಜಲಾಶಯ ತುಂಬಲಿಲ್ಲ. ನಾಲೆಗೆ ನೂರು ದಿನ ಸತತವಾಗಿ ನೀರು ಹರಿಸುವುದೆಂದು ಮೊದಲು ತೀರ್ಮಾನವಾಗಿ, ಅನಂತರ ಬಿಟ್ಟು ಬಿಟ್ಟು ಹರಿಸುವುದೆಂದು ಬದಲಾದಾಗ ರೈತರು ಬೀದಿಗಿಳಿದರು. ಸೆಪ್ಟೆಂಬರಿನಲ್ಲಿ ದಾವಣಗೆರೆ ಬಂದ್ ನಡೆಯಿತು. ಮುಂದಿನ ಬೇಸಿಗೆಯಲ್ಲಿ ಚನ್ನಗಿರಿ ಸೀಮೆಯ ಅಡಿಕೆ ಬೆಳೆಗಾರರು ಟ್ಯಾಂಕರುಗಳಲ್ಲಿ ನೀರು ಹೊತ್ತು ತಂದು ತೋಟ ಉಳಿಸಿಕೊಳ್ಳಲು ಹೆಣಗಿದರು. ಕೊಳವೆಬಾವಿಗಳು ಬತ್ತಿದವು, ಬತ್ತಿದ ಬಾವಿಯ ಪಕ್ಕದಲ್ಲಿ ಇನ್ನೊಂದನ್ನು ಕೊರೆಸಿದರು, ಅದೂ ಬತ್ತಿತು. ಒಂದು ಫಸಲಿಗಾಗಿ ಇಷ್ಟೇಕೆ ಎಂದು ಪೇಟೆಯವರು ಕೇಳಬಹುದು. ಅಡಿಕೆ ಮರ ಫಲಕ್ಕೆ ಬರಲು ಐದಾರು ವರ್ಷ ಬೇಕು. ತೋಟ ಒಣಗಿದರೆ ಹೋಗುವುದು ಆ ವರ್ಷದ ಆದಾಯವಷ್ಟೇ ಅಲ್ಲ, ಮಗಳ ಓದು, ಮಗನ ಮದುವೆ, ಮನೆಯ ಸಾಲದ ಕಂತು ಎಲ್ಲವೂ ಅದರೊಂದಿಗೆ ಹೋಗುತ್ತವೆ.

ಆ ಬಳಿಕ ಮಳೆ ಬಂತು. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂಬುದು ನಮ್ಮ ಹಿರಿಯರ ಮಾತು. ಆ ಮಾತು ಹುಟ್ಟಿದ್ದು ಕೆರೆಯ ಹೂಳನ್ನು ಊರವರೇ ಎತ್ತುತ್ತಿದ್ದ, ಏರಿಯ ಮೇಲೆ ಹುತ್ತ ಬೆಳೆಯಲು ಬಿಡದ ಕಾಲದಲ್ಲಿ ಎಂಬುದನ್ನು ಮರೆಯಬಾರದು.

ಬರದಿಂದ ಬಳಲಿದ ನೆಲದ ಮೇಲೆ ಬಿರುಸಿನ ಮಳೆ ಬಿದ್ದಾಗ ಏನಾಗುತ್ತದೆ? ಕೆಂಪು ಮಣ್ಣಿನ ಹೊಲದಲ್ಲಿ ಗಿಡಗಂಟೆಯ ಹೊದಿಕೆ ಇಲ್ಲದೆ ಮೇಲ್ಪದರ ಗಟ್ಟಿಯಾಗಿರುತ್ತದೆ. ನೀರು ಇಂಗದೆ ಮಣ್ಣನ್ನೂ ಎಳೆದುಕೊಂಡು ಹರಿದುಹೋಗುತ್ತದೆ. ಎರೆ ಭೂಮಿಯಲ್ಲಿ ಬಿಟ್ಟ ಬಿರುಕುಗಳು ಮೊದಲು ನೀರನ್ನು ಕುಡಿಯುತ್ತವೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಹೊಲದಲ್ಲಿಯೇ ನಿಂತು ಬೇರು ಕೊಳೆಯುತ್ತದೆ. ಕೆರೆಯ ಏರಿಯದ್ದೂ ಇದೇ ಪಾಡು. ಎರಡು ವರ್ಷ ನೀರು ಕಾಣದ ಮಣ್ಣಿನ ಏರಿ ಒಳಗೊಳಗೇ ಬಿರಿದಿರುತ್ತದೆ; ಇಲಿ, ಏಡಿಗಳ ಬಿಲಗಳು ಅದರಲ್ಲಿ ತುಂಬಿರುತ್ತವೆ; ಜಾಲಿ ಬೇರು ಬಿಟ್ಟಿರುತ್ತದೆ. ಕೆರೆ ಖಾಲಿಯಿದ್ದಾಗ ಯಾರೂ ಅದರತ್ತ ನೋಡುವುದಿಲ್ಲ. ಒಮ್ಮೆಲೇ ತುಂಬಿದ ದಿನ ಏರಿಯ ಹೊರಮೈಯಲ್ಲಿ ನೀರು ಜಿನುಗುವುದನ್ನು ಕಂಡು ಊರಿಗೆ ಊರೇ ಮರಳಿನ ಚೀಲ ಹಿಡಿದು ಓಡುತ್ತದೆ.

ಇದಕ್ಕಿಂತ ದೊಡ್ಡ ಕೇಡು ಮನುಷ್ಯನ ಕೈಯಿಂದ ಆಗುವಂಥದ್ದು. ನೀರು ಹಿಂದೆ ಸರಿದಾಗ ಕೆರೆಯಂಗಳದಲ್ಲಿ ತೆರೆದುಕೊಳ್ಳುವ ಕಪ್ಪು ಮಣ್ಣು ಬಹಳ ಫಲವತ್ತಾದದ್ದು. ಮೊದಲ ವರ್ಷ ಅಲ್ಲಿ ಒಂದಿಷ್ಟು ಸೊಪ್ಪು ಬಿತ್ತುತ್ತಾರೆ, ಎರಡನೆಯ ವರ್ಷ ಬೇಲಿ ಹಾಕುತ್ತಾರೆ, ಮೂರನೆಯ ವರ್ಷ ಅಡಿಕೆ ಸಸಿ ನೆಡುತ್ತಾರೆ. ರಾಜಕಾಲುವೆಯಲ್ಲಿ ನೀರಿಲ್ಲವೆಂದು ಪಕ್ಕದ ಹೊಲದವರು ಅದನ್ನು ಉತ್ತು ಸೇರಿಸಿಕೊಳ್ಳುತ್ತಾರೆ. ನೀರಿಗೆ ಮಾತ್ರ ತನ್ನ ಹಳೆಯ ದಾರಿಯ ನೆನಪು ಇರುತ್ತದೆ. ಸೂಳೆಕೆರೆಯ ಗಡಿಯನ್ನು ಅಳೆದು ಕಲ್ಲು ನೆಡಬೇಕು, ಒತ್ತುವರಿ ತೆರವುಗೊಳಿಸಬೇಕು ಎಂದು ಆ ಭಾಗದ ಯುವಕರೂ ರೈತರೂ ಮಠಾಧೀಶರೂ ವರ್ಷಗಳಿಂದ ಕೂಗಿಕೊಂಡಿರುವುದು ಬರಿಯ ಪರಿಸರ ಪ್ರೇಮದಿಂದಲ್ಲ. ಹೂಳು ತುಂಬಿದ ಕೆರೆ ಬರದ ವರ್ಷ ಬೇಗ ಬತ್ತುತ್ತದೆ, ಮಳೆಯ ವರ್ಷ ಬೇಗ ಕೋಡಿ ಬೀಳುತ್ತದೆ. ಒಂದೇ ಹೂಳು ಎರಡು ಕಡೆಯಿಂದಲೂ ಹೊಡೆಯುತ್ತದೆ.

ತೋಟಗಳ ವಿಷಯದಲ್ಲಿಯೂ ಇದೇ ಪಾಠವಿದೆ. ಅಡಿಕೆಗೆ ನೀರು ಬೇಕು, ಆದರೆ ನಿಂತ ನೀರು ಬೇಡ. ಹಿಂದಿನವರು ಸಾಲುಗಳ ನಡುವೆ ಬಸಿಗಾಲುವೆ ತೆಗೆದಿದ್ದರು. ಬರದ ವರ್ಷಗಳಲ್ಲಿ ಒಂದು ಹನಿ ಹೊರಹೋಗುವುದೂ ನಷ್ಟವೆಂದು ತೋರುತ್ತದೆ. ಕಾಲುವೆ ತುಂಬಿಹೋದರೂ ಯಾರಿಗೂ ಬೇಸರವಿಲ್ಲ. ಮತ್ತೆ ವಾರಗಟ್ಟಲೆ ಮಳೆ ಹಿಡಿದಾಗ ಬೇರಿನ ಬುಡದಲ್ಲಿ ನೀರು ನಿಲ್ಲುತ್ತದೆ. ನೀರು ಬಸಿಯದ ಗಟ್ಟಿ ನೆಲದಲ್ಲಿ ಹಿಡಿಮುಂಡಿಗೆ ರೋಗ ಕಾಣಿಸುತ್ತದೆ, ಕಾಯಿಗೆ ಕೊಳೆ ಹತ್ತುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿದ ಬೋರ್ಡೊ ದ್ರಾವಣವನ್ನು ಮಳೆಗೆ ಮುನ್ನ ಸಿಂಪಡಿಸಿದರೆ ಕೊಳೆಯನ್ನು ತಡೆಯಬಹುದೆಂದು ಎಲ್ಲ ಬೆಳೆಗಾರರಿಗೂ ಗೊತ್ತು. ಟ್ಯಾಂಕರ್ ನೀರಿಗೆ ಕೈಯಲ್ಲಿದ್ದುದನ್ನೆಲ್ಲ ಸುರಿದವನ ಬಳಿ ಸಿಂಪಡಣೆಯ ಕೂಲಿಗೆ ಹಣ ಉಳಿದಿರಬೇಕಲ್ಲ!

ಜಗಳೂರು ಕಡೆಯ ಚಿತ್ರ ಬೇರೆ. ಅದು ಮೊದಲಿನಿಂದಲೂ ಮಳೆ ಕಡಿಮೆಯ ಸೀಮೆ. ಹರಿಹರ ಬಳಿಯ ದೀಟೂರಿನಿಂದ ತುಂಗಭದ್ರೆಯ ನೀರನ್ನು ಎತ್ತಿ 57 ಕೆರೆಗಳನ್ನು ತುಂಬಿಸುವ ಯೋಜನೆ ಬಂದ ಮೇಲೆ ಅಲ್ಲಿಯ ಕೆರೆಗಳು ನೀರಿನ ಮುಖ ನೋಡಿವೆ. ಇದು ಸಂತೋಷದ ವಿಷಯ. ಇದಕ್ಕಾಗಿ ಶ್ರಮಿಸಿದ ಸಿರಿಗೆರೆಯ ತರಳಬಾಳು ಶ್ರೀಗಳನ್ನು ಜಾತಿಮತಗಳ ಭೇದವಿಲ್ಲದೆ ಜನ ಸ್ಮರಿಸುತ್ತಾರೆ. ಆದರೆ ಆ ಸೀಮೆಯ ಬಡವರ ಹಳೆಯ ಮನೆಗಳು ಮಾಳಿಗೆ ಮನೆಗಳು. ಮಣ್ಣಿನ ಗೋಡೆ, ಮೇಲೆ ತೊಲೆ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸದಾಗಿ ಚೌಳು ಮಣ್ಣು ಹರಡಿ ಬಡಿಯುವುದು ಅಲ್ಲಿಯ ಪದ್ಧತಿ. ಸತತ ಬರ ಬಿದ್ದಾಗ ಯಾರು ಆ ಕೆಲಸ ಮಾಡಿಯಾರು? ಮಾಡಬೇಕಾದವರು ಬೆಂಗಳೂರಿನ ಕಟ್ಟಡಗಳಲ್ಲಿಯೋ ಮಲೆನಾಡಿನ ಕಾಫಿ ತೋಟಗಳಲ್ಲಿಯೋ ಇರುತ್ತಾರೆ. ಮನೆಯಲ್ಲಿ ಮುದುಕರೂ ಮಕ್ಕಳೂ ಉಳಿದಿರುತ್ತಾರೆ. ಹಿಡಿದ ಮಳೆ ಅವರ ತಲೆಯ ಮೇಲೆಯೇ ಸೋರುತ್ತದೆ. ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನೆನೆದ ಮಣ್ಣಿನ ಗೋಡೆ ಮಳೆಯ ನಡುವೆ ಬೀಳುವಂತೆಯೇ ಮಳೆ ನಿಂತು ಬಿಸಿಲು ಬಿದ್ದ ಮೇಲೆಯೂ ಬೀಳುತ್ತದೆ. ಮೋಡ ಹರಿಯಿತೆಂದು ನಿಶ್ಚಿಂತೆಯಿಂದ ಗೋಡೆಯ ಪಕ್ಕದಲ್ಲಿ ಹಾಸಿಗೆ ಹಾಸಿದವರು ಬೆಳಗಾಗುವಷ್ಟರಲ್ಲಿ ಇಲ್ಲವಾದ ಸುದ್ದಿಗಳು ಪ್ರತಿ ಮಳೆಗಾಲದಲ್ಲಿಯೂ ಬರುತ್ತವೆ.

ಬರದಲ್ಲಿ ಮಾಡಿಕೊಂಡ ಏರ್ಪಾಟುಗಳೇ ಮಳೆಯಲ್ಲಿ ಮುಳುವಾಗುವುದೂ ಉಂಟು. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ಊರುಗಳಲ್ಲಿ ಪ್ರತಿ ಮನೆಯೂ ಡ್ರಮ್ಮು, ತೊಟ್ಟಿ, ಕೊಡಗಳಲ್ಲಿ ನೀರು ತುಂಬಿಟ್ಟಿತು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲಿ. ಅದರ ಮೊಟ್ಟೆ ಒಣಗಿದ ತೊಟ್ಟಿಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಕಾದು, ನೀರು ತಾಗಿದೊಡನೆ ಒಡೆಯಬಲ್ಲದು. 2024ರ ಮಳೆಗಾಲದಲ್ಲಿ ಡೆಂಗಿ ಎಷ್ಟು ಹೆಚ್ಚಿತೆಂದರೆ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಬೇಕಾಯಿತು. ತೊಟ್ಟಿಯನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ತೊಳೆಯುವುದು ನಮ್ಮ ಗೃಹಿಣಿಯರು ಬಲ್ಲ ಕೆಲಸವೇ. ಆದರೆ ನೀರಿನ ಬೆಲೆ ಕಂಡವರಿಗೆ ತುಂಬಿದ ತೊಟ್ಟಿಯನ್ನು ಚೆಲ್ಲಲು ಮನಸ್ಸು ಬಾರದು. ಅದನ್ನು ತಪ್ಪೆನ್ನಲೂ ನಮಗೆ ಮನಸ್ಸಾಗದು.

ಮಳೆ ಬಂದ ಮೇಲೆಯೇ ಸಾವು ಹೆಚ್ಚುವುದು ಹೊಸದಲ್ಲ. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಕಾಡಿದ ಧಾತು-ಈಶ್ವರ ಬರದ ಕಥೆಯನ್ನು ನಮ್ಮ ಅಜ್ಜಂದಿರು ಅವರ ಅಜ್ಜಂದಿರಿಂದ ಕೇಳಿದ್ದರು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕಿಳಿದಿತ್ತು. ಆ ಮಹಾಬರದಲ್ಲಿ ದಕ್ಷಿಣ ಭಾರತದ ಬಹುಪಾಲು ಕಡೆ ಹಸಿವಿನಿಂದ ಸೊರಗಿದ ದೇಹಗಳು ಮಳೆ ಮರಳಿದ ಮೇಲೆ ಚಳಿಜ್ವರಕ್ಕೂ ಕಾಲರಾಕ್ಕೂ ಸಿಕ್ಕಿ ಬಿದ್ದವು. ಹೊಲ ಹಸಿರಾಗಿತ್ತು, ಉಳುವವರು ಇರಲಿಲ್ಲ. ಬೆಂಗಳೂರಿನ ಬಳಿಯ ಸಿಲ್ವೇಪುರದಂಥ ಕ್ರೈಸ್ತ ಊರುಗಳು ಆ ಬರದಲ್ಲಿ ದಿಕ್ಕಿಲ್ಲದವರಿಗಾಗಿ ಮಿಷನರಿಗಳು ಕಟ್ಟಿದ ನೆಲೆಗಳು. ಅಂದಿನ ಗುರುಗಳು ಗಂಜಿಯ ಪಾತ್ರೆಯೊಂದಿಗೆ ನಿಲ್ಲಲಿಲ್ಲ. ನೆಲ ಕೊಂಡು, ಬಾವಿ ತೋಡಿ, ಮಳೆ ಬಂದಾಗ ಉಳಲು ಎತ್ತು ನೇಗಿಲು ಒದಗಿಸಿದರು.

ಇಂದು ಹಸಿವಿನಿಂದ ಸಾಯುವ ಬರ ಇಲ್ಲ. ನ್ಯಾಯಬೆಲೆ ಅಂಗಡಿಯ ಅಕ್ಕಿ ಆ ಮಟ್ಟಿಗೆ ದೊಡ್ಡ ಆಸರೆ. ಬರ ಈಗ ಕೊಲ್ಲುವುದು ಬೇರೆ ರೀತಿಯಲ್ಲಿ. ಮೇವಿಲ್ಲದೆ ಹಸು, ಎತ್ತುಗಳನ್ನು ಸಂತೆಯಲ್ಲಿ ಸಿಕ್ಕ ಬೆಲೆಗೆ ಮಾರಿಬಿಡುತ್ತಾರೆ. ಮಳೆ ಬಂದಾಗ ಉಳಲು ಬಾಡಿಗೆ ಟ್ರ್ಯಾಕ್ಟರ್ ಬೇಕು, ಗೊಬ್ಬರವನ್ನು ಹಣ ಕೊಟ್ಟು ತರಬೇಕು. ಒಮ್ಮೆ ಬಿತ್ತಿ ಮೊಳೆಯದೆ ಹೋದದ್ದಕ್ಕೆ ಮತ್ತೆ ಬೀಜ ಕೊಳ್ಳಬೇಕು. ಒಡವೆ ಬ್ಯಾಂಕಿನಲ್ಲಿರುತ್ತದೆ. ಈ ಸ್ಥಿತಿಯಲ್ಲಿ ಬಂದ ನೆರೆ ಬರಿಯ ಬೆಳೆಯನ್ನು ಒಯ್ಯುವುದಿಲ್ಲ, ಚೇತರಿಸಿಕೊಳ್ಳುವ ಕೊನೆಯ ಅವಕಾಶವನ್ನೂ ಒಯ್ಯುತ್ತದೆ. ಸುಖದ ವರ್ಷಗಳ ನಂತರ ಬಂದ ನೆರೆಯನ್ನು ತಡೆದುಕೊಳ್ಳುವ ಕುಟುಂಬ ಬರದ ಬೆನ್ನಿಗೆ ಬಂದ ಅರ್ಧದಷ್ಟು ನೆರೆಗೂ ನೆಲಕಚ್ಚುತ್ತದೆ. ನಷ್ಟದ ಸಮೀಕ್ಷೆಗೆ ಬರುವ ಅಧಿಕಾರಿಯ ಹಾಳೆಯಲ್ಲಿ ಇದನ್ನು ಬರೆಯಲು ಅಂಕಣವಿಲ್ಲ.

ಪರಿಹಾರದ ಲೆಕ್ಕವನ್ನೇ ನೋಡೋಣ. 2023ರ ಬರಕ್ಕಾಗಿ ರಾಜ್ಯ ಕೇಂದ್ರವನ್ನು ಕೇಳಿದ್ದು 18,171 ಕೋಟಿ ರೂಪಾಯಿ. ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2024ರ ಏಪ್ರಿಲ್ ಕೊನೆಯಲ್ಲಿ ಬಂದದ್ದು ಸುಮಾರು 3,454 ಕೋಟಿ. ಮೊತ್ತದ ಬಗ್ಗೆ ಎರಡು ಸರ್ಕಾರಗಳ ನಡುವೆ ನಡೆದ ವಾಗ್ವಾದವನ್ನು ಇಲ್ಲಿ ಮತ್ತೆ ಎತ್ತುವುದು ಬೇಡ. ನಾವು ಗಮನಿಸಬೇಕಾದದ್ದು ತಾರೀಖನ್ನು. ಸೆಪ್ಟೆಂಬರಿನಲ್ಲಿ ಘೋಷಿತವಾದ ಬರದ ಹಣ ಮರುವರ್ಷದ ಬಿತ್ತನೆಯ ಹೊಸ್ತಿಲಲ್ಲಿ ಬಂತು. ಅಷ್ಟರಲ್ಲಿ ದನ ಮಾರಿಯಾಗಿತ್ತು. 2022ರಿಂದ 2026ರ ಅವಧಿಗೆ ಕೇಂದ್ರ ನಿಗದಿಪಡಿಸಿದ ದರಗಳಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಅದೂ ಎರಡು ಹೆಕ್ಟೇರಿಗೆ ಸೀಮಿತ, ಬೆಳೆ ಶೇಕಡ 33ಕ್ಕಿಂತ ಕಡಿಮೆ ಹಾಳಾದವರಿಗೆ ಏನೂ ಇಲ್ಲ. ಬರಕ್ಕೂ ನೆರೆಗೂ ಇದೇ ಅಳತೆಗೋಲು. ಬಯಲುಸೀಮೆಯಲ್ಲಿ ಪೂರ್ಣ ಬಿದ್ದ ಮನೆಗೆ 1,20,000 ರೂಪಾಯಿ. 2025ರ ನೆರೆಯ ಬಳಿಕ ರಾಜ್ಯ ಸರ್ಕಾರ ಹೆಕ್ಟೇರಿಗೆ 8,500 ರೂಪಾಯಿ ತನ್ನ ಕಡೆಯಿಂದ ಸೇರಿಸಿದ್ದು ಸ್ವಾಗತಾರ್ಹ. ನೆರೆಗೆ ಚಿತ್ರವಿದೆ, ಹೆಲಿಕಾಪ್ಟರ್ ಇದೆ. ಬರ ಮೌನವಾಗಿ ನಡೆಯುವಂಥದ್ದು. ಹಾಗಾಗಿ ಬರದ ಹಣ ನಡೆದು ಬರುತ್ತದೆ, ನೆರೆಯ ಹಣ ಕೊಂಚ ಓಡಿ ಬರುತ್ತದೆ.

ಇದೇ ಸಂದರ್ಭದಲ್ಲಿ ಒಂದು ವ್ಯಾವಹಾರಿಕ ಮಾತು. ಪ್ರಧಾನಮಂತ್ರಿ ಫಸಲ್ ಬಿಮೆಗೆ ಹಣ ಕಟ್ಟಿರುವ ನಮ್ಮವರು ಹಲವರಿದ್ದಾರೆ. ಸ್ಥಳೀಯ ವಿಪತ್ತಿನಿಂದ, ಇಲ್ಲವೇ ಕೊಯ್ದು ಒಣಗಲು ಬಿಟ್ಟ ಬೆಳೆಗೆ ಮಳೆಯಿಂದ ಹಾನಿಯಾದರೆ 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವಿದೆ. ಮೊಣಕಾಲುದ್ದ ನೀರಿನಲ್ಲಿ ಸಾಮಾನು ಸಾಗಿಸುತ್ತಿರುವವನಿಗೆ ಆ ಮೂರು ದಿನ ಕಳೆಯುವುದೇ ತಿಳಿಯುವುದಿಲ್ಲ. ಓದಿದ ಮಕ್ಕಳಿರುವ ಮನೆಗಳು ನೆರೆಹೊರೆಯವರ ಪರವಾಗಿ ಈ ಒಂದು ಕೆಲಸ ಮಾಡಿದರೆ ಎಷ್ಟೋ ಉಪಕಾರ.

ಹೊನ್ನಾಳಿಯ ನೆರೆಯಲ್ಲಿ ಒಂದು ವ್ಯಂಗ್ಯವಿದೆ. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು. ಅದು ಹಿಡಿಯುವುದು 3.24 ಟಿಎಂಸಿ ನೀರು ಮಾತ್ರ. ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಅದು ಮೊದಲು ತುಂಬಿ, ಬಂದ ನೀರನ್ನೆಲ್ಲ ಹೊಳೆಗೆ ಬಿಡುತ್ತದೆ. ಭದ್ರಾ ಜಲಾಶಯ ಹಿಡಿಯುವುದು 71.5 ಟಿಎಂಸಿ, ಬರದಿಂದ ಬರಿದಾದ ಅದು ತುಂಬಲು ವಾರಗಳು ಬೇಕು. ಹೀಗಾಗಿ ನಾಲೆಯ ಕೊನೆಯ ರೈತ ಇನ್ನೂ ನೀರಿಗೆ ಕಾಯುತ್ತಿರುವಾಗಲೇ ಕೂಡ್ಲಿ ದಾಟಿ ಬಂದ ತುಂಗೆಯ ನೀರು ಹೊನ್ನಾಳಿಯ ಬಾಲರಾಜ್ ಘಾಟಿನ ಬಾಗಿಲು ತಟ್ಟುತ್ತದೆ. ಒಂದೇ ತಾಲ್ಲೂಕು, ಒಂದೇ ವಾರ. ಅತ್ತ ನೀರಿಲ್ಲ, ಇತ್ತ ನೀರು ಹೆಚ್ಚು. ಕೆಳಗೆ ಹೊಸಪೇಟೆಯಲ್ಲಿ ಆದದ್ದು ಎಲ್ಲರಿಗೂ ನೆನಪಿದೆ. ಒಂದು ವರ್ಷದ ಬರ ಕಂಡು, ಕೊನೆಗೂ ತುಂಬಿದ ತುಂಗಭದ್ರಾ ಜಲಾಶಯದ 19ನೆಯ ಗೇಟು 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟು ಇಳಿಸಿದ ಕಾರ್ಮಿಕರ ಸಾಹಸ ಪ್ರಶಂಸನೀಯ. ಆದರೆ ಜಲಾಶಯ ತಳ ಕಂಡಿದ್ದ ತಿಂಗಳುಗಳಲ್ಲಿ ಆ ಸರಪಳಿಗಳನ್ನು ಪರೀಕ್ಷಿಸಿ ಬದಲಿಸಲು ಎಷ್ಟು ಅನುಕೂಲವಿತ್ತು! ಊರ ಕೆರೆಯ ತೂಬಿಗೂ ಆ ದೊಡ್ಡ ಅಣೆಕಟ್ಟಿಗೂ ಇಲ್ಲಿ ವ್ಯತ್ಯಾಸವಿಲ್ಲ.

ಇಂಥದ್ದು ಮೊದಲ ಸಲವೂ ಅಲ್ಲ. 2009ರಲ್ಲಿ ಆಗಸ್ಟ್‌ವರೆಗೆ ಬರದ ಚರ್ಚೆ ನಡೆದಿದ್ದ ಉತ್ತರ ಕರ್ನಾಟಕದಲ್ಲಿ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2018-19ರ ಹಿಂಗಾರಿನಲ್ಲಿ 156 ತಾಲ್ಲೂಕುಗಳು ಬರಪೀಡಿತವಾಗಿದ್ದವು. 2019ರ ಆಗಸ್ಟಿನಲ್ಲಿ 103 ತಾಲ್ಲೂಕುಗಳು ನೆರೆಪೀಡಿತವಾದವು. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ತೇವವನ್ನು ಹಿಡಿದಿಡಬಲ್ಲದೆಂದು ವಿಜ್ಞಾನ ಹೇಳುತ್ತದೆ. ಹಿಡಿದಿಟ್ಟುಕೊಂಡಷ್ಟು ದಿನ ಒಣಹವೆ, ಬಿಟ್ಟಾಗ ಜಡಿಮಳೆ. ಆದ್ದರಿಂದ ಬರದ ಬೆನ್ನಿಗೆ ನೆರೆ ಎಂಬುದು ಮುಂದೆಯೂ ನಾವು ಕಾಣಬೇಕಾದ ಕ್ರಮವೇ.

ಧರ್ಮಸಭೆಯ ಪೂಜಾಗ್ರಂಥದಲ್ಲಿ ಮಳೆಗಾಗಿ ಒಂದು ಪೂಜೆ ಇದೆ. ಅದರ ಬೆನ್ನಿಗೇ ಒಳ್ಳೆಯ ಹವಾಮಾನಕ್ಕಾಗಿ ಇನ್ನೊಂದು, ಬಿರುಗಾಳಿ ಶಮನವಾಗಲೆಂದು ಮತ್ತೊಂದು. ಇವನ್ನು ಅಕ್ಕಪಕ್ಕದಲ್ಲಿ ಇರಿಸಿದವರು ರೈತರ ಬಾಳನ್ನು ಬಲ್ಲವರಾಗಿರಬೇಕು. ಪ್ರವಾದಿ ಎಲೀಯನ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ವರ್ಷಗಳ ಬರದ ನಂತರ ಕರ್ಮೆಲ್ ಬೆಟ್ಟದ ಮೇಲಿಂದ ಸಮುದ್ರದ ಕಡೆ ಅಂಗೈಯಗಲದ ಮೋಡ ಕಂಡಿತು. ಪ್ರವಾದಿ ಕೂಡಲೇ ಅರಸನಾದ ಅಹಾಬನಿಗೆ ಹೇಳಿಕಳುಹಿಸಿದ್ದು ಮಳೆಯ ಸಂಭ್ರಮದ ಮಾತನ್ನಲ್ಲ. ರಥ ಕಟ್ಟಿ ಬೇಗ ಇಳಿದುಹೋಗು, ಇಲ್ಲವಾದರೆ ದಾರಿ ಕಟ್ಟಿಹೋಗುತ್ತದೆ ಎಂಬ ಅರ್ಥದ ಎಚ್ಚರಿಕೆಯನ್ನು. ಮಳೆಗಾಗಿ ಪ್ರಾರ್ಥಿಸಿದವನೇ ಮಳೆಯ ಅಪಾಯವನ್ನೂ ಮೊದಲು ಕಂಡ. ನಮ್ಮ ಉಪದೇಶಗಳಲ್ಲಿ ಈ ಭಾಗವನ್ನು ಅಷ್ಟಾಗಿ ಕೇಳುವುದಿಲ್ಲ.

ಶಿವಮೊಗ್ಗ ಧರ್ಮಕ್ಷೇತ್ರವು ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳನ್ನು ಒಳಗೊಂಡಿದೆ. ಅಂದರೆ ಮಳೆ ಹುಟ್ಟುವ ಮಲೆನಾಡೂ ಮಳೆಗೆ ಕಾಯುವ ಬಯಲುಸೀಮೆಯೂ ಒಂದೇ ಧರ್ಮಾಧ್ಯಕ್ಷರ ಆಡಳಿತದಲ್ಲಿವೆ. ತೀರ್ಥಹಳ್ಳಿಯ ಧರ್ಮಕೇಂದ್ರಕ್ಕೆ ಹೊಳೆ ಏರಿದ ಸುದ್ದಿ ಹೊನ್ನಾಳಿಯವರಿಗಿಂತ ಮೊದಲೇ ತಿಳಿಯುತ್ತದೆ. ಒಂದು ದೂರವಾಣಿ ಕರೆ ಸಾಕು. ನೆರೆ ಬಂದಾಗ ನಮ್ಮ ಧರ್ಮಕೇಂದ್ರಗಳು ಹಿಂದೆ ಬೀಳುವುದಿಲ್ಲ. ಬಟ್ಟೆ, ಅಕ್ಕಿ, ಹೊದಿಕೆಗಳ ಮೂಟೆಗಳು ಸಿದ್ಧವಾಗುತ್ತವೆ, ಶಾಲೆಯ ಕೊಠಡಿಗಳು ತೆರೆಯುತ್ತವೆ. ಬರ ಬಂದಾಗ ಮಾತ್ರ ನಾವು ಪ್ರಾರ್ಥನೆಯೊಂದಿಗೆ ನಿಂತುಬಿಡುತ್ತೇವೆ. ಹಳೆಯ ಸೀರೆಗಳ ಮೂಟೆ ಕಟ್ಟುವುದಕ್ಕಿಂತ ಒಬ್ಬ ವಿಧವೆಯ ಮಾಳಿಗೆಗೆ ಏಪ್ರಿಲಿನಲ್ಲಿ ಮಣ್ಣು ಹಾಕಿಸುವುದು ಕಡಿಮೆ ಖರ್ಚಿನದು. ಎರಡು ಹಸುಗಳಿಗೆ ಎರಡು ತಿಂಗಳ ಮೇವನ್ನು ಸಾಲವಾಗಿ ಕೊಟ್ಟರೆ ಆ ಮನೆ ಮಾರಾಟದಿಂದ ಉಳಿಯುತ್ತದೆ. ನಮ್ಮ ಸ್ತ್ರೀಯರ ಸ್ವಸಹಾಯ ಸಂಘಗಳು ಬರದ ವರ್ಷ ಕಂತನ್ನು ಮುಂದೂಡಿ, ಬಡ್ಡಿ ಬಿಟ್ಟರೆ ಲೇವಾದೇವಿಯವನ ಬಾಗಿಲಿಗೆ ಹೋಗುವವರು ಕಡಿಮೆಯಾಗುತ್ತಾರೆ. ತಪಸ್ಸುಕಾಲದ ಕಾಣಿಕೆ ಸಂಗ್ರಹವಾಗುವುದೂ ಬೇಸಿಗೆಯಲ್ಲಿಯೇ. ಅದರ ಒಂದು ಭಾಗವನ್ನು ಆ ಬೇಸಿಗೆಯ ಇಂಥ ಕೆಲಸಕ್ಕೆ ಆಯಾ ಧರ್ಮಕೇಂದ್ರದಲ್ಲಿ ಉಳಿಸಿಕೊಳ್ಳಲು ಅನುಮತಿ ಸಿಗುವಂತಾಗಲಿ ಎಂಬುದು ನಮ್ಮ ವಿನಂತಿ. ಈ ನೆರವು ಕ್ರೈಸ್ತರ ಮನೆಗಳಿಗೆ ಮಾತ್ರ ಎಂಬ ಮಾತಂತೂ ಬರಕೂಡದು. ಕೆರೆಯ ಏರಿ ಒಡೆದರೆ ನೀರು ಯಾರ ಧರ್ಮವನ್ನೂ ಕೇಳುವುದಿಲ್ಲ.

ಉದ್ಯೋಗಖಾತರಿ ಯೋಜನೆಯ ಕೂಲಿದಿನಗಳನ್ನು ಬರದ ತಾಲ್ಲೂಕುಗಳಲ್ಲಿ 100ರಿಂದ 150ಕ್ಕೆ ಏರಿಸಬೇಕೆಂದು 2023ರಲ್ಲಿ ರಾಜ್ಯ ಸರ್ಕಾರ ಕೇಂದ್ರವನ್ನು ಕೇಳಿತ್ತು. ಕೇಳಿದ್ದು ಸರಿಯಾಗಿಯೇ ಇತ್ತು. ಗ್ರಾಮಸಭೆಗೆ ಹೋಗಿ, ಆ ದಿನಗಳಲ್ಲಿ ಮೊದಲು ರಾಜಕಾಲುವೆ, ಆಮೇಲೆ ಕೆರೆಯ ಹೂಳು, ಆಮೇಲೆ ರಸ್ತೆ ಎಂದು ಹೇಳುವ ಜನ ಬೇಕಿತ್ತು. ನಮ್ಮಲ್ಲಿ ಎಷ್ಟು ಮಂದಿ ಗ್ರಾಮಸಭೆಗೆ ಹೋಗುತ್ತೇವೆ?

2024ರಲ್ಲಿ ವಾಡಿಕೆಗಿಂತ ಹೆಚ್ಚು ಮಳೆಯಾಯಿತು. 2025ರಲ್ಲಿ ಮೇ ತಿಂಗಳಲ್ಲಿಯೇ ಮುಂಗಾರು ಬಂತು, ಆಗಸ್ಟ್-ಸೆಪ್ಟೆಂಬರಿನಲ್ಲಿ ಕಲಬುರಗಿ, ಯಾದಗಿರಿ, ಬೀದರ್, ವಿಜಯಪುರಗಳು ಮುಳುಗಿದವು. ಚನ್ನಗಿರಿಯ ತೋಟಗಳಲ್ಲಿ ಟ್ಯಾಂಕರುಗಳ ಸದ್ದು ಅಡಗಿತು. ಹೊಸ ಅಡಿಕೆ ಸಸಿಗಳು ನೆಲಕ್ಕಿಳಿಯುತ್ತಿವೆ. ಭತ್ತದ ಗದ್ದೆಗಳೂ ತೋಟಗಳಾಗುತ್ತಿವೆ. ಮುಂದಿನ ಬರದಲ್ಲಿ ಇವಕ್ಕೆಲ್ಲ ನೀರು ಎಲ್ಲಿಂದ ಎಂಬ ಪ್ರಶ್ನೆಯನ್ನು ಯಾರೂ ಈಗ ಕೇಳುತ್ತಿಲ್ಲ. ಹೊಸ ತೋಟ ಮಾಡುವವರು ಬಸಿಗಾಲುವೆಯ ಜಾಗವನ್ನಾದರೂ ಬಿಟ್ಟು ಸಸಿ ನೆಡಲಿ. ಕೆರೆಯ ಪಕ್ಕದ ಜಮೀನಿನವರು ಗಡಿಕಲ್ಲು ಎಲ್ಲಿದೆ ಎಂದು ಈಗಲೇ ನೋಡಿಕೊಳ್ಳಲಿ. ನೀರು ಇಳಿದ ಮೇಲೆ ಆ ಕಲ್ಲು ನಡೆದಾಡಲು ತೊಡಗುತ್ತದೆ.